ಖಾಜಾಬಿಗೆ ಬರೆದ ಕಾಗದ

ನೆರೆಯವರ ಗುಣ ಗೊತ್ತಾಗುವುದು ಅವರು ಮನೆ ಖಾಲಿ ಮಾಡಿದ ಮೇಲೆಯೇ ಎಂದು ಕಾಣುತ್ತದೆ. ಯಾದಗಿರಿ ಸ್ಟೇಷನ್ನಿನ ಆಚೆ ನಮ್ಮ ಬಡಾವಣೆಯಲ್ಲಿ ನಿಜಾಮರ ಕಾಲಕ್ಕೆ ಇದ್ದವರೆಲ್ಲ ಬಹುಮಟ್ಟಿಗೆ ಮುನ್ಷಿಗಳು, ಪೇಷ್ಕಾರರು. ನಾನೂ ಉರ್ದು ಓದಿಯೇ ಗುಮಾಸ್ತನಾದವನು. ಏಕೀಕರಣವಾಯಿತು ನೋಡಿ, ಒಂದೊಂದೇ ಮನೆ ಗಂಟುಮೂಟೆ ಕಟ್ಟಿ ಹೈದರಾಬಾದಿನ ರೈಲು ಹತ್ತಿತು. ಆ ಮನೆಗಳಿಗೆ ಧಾರವಾಡದ ಕಡೆಯ ಮಾಸ್ತರರು, ಶಹಾಪುರ, ಸುರಪುರದ ವ್ಯಾಪಾರಸ್ಥರು ಬಂದರು. ಸಲಾಂ ಹೋಗಿ ನಮಸ್ಕಾರ ಬಂತು. ನನ್ನ ಕೈ ಮಾತ್ರ ಎಷ್ಟೋ ದಿನ ಅಭ್ಯಾಸಬಲದಿಂದ ಹಣೆಗೇ ಹೋಗುತ್ತಿತ್ತು.

ಪಕ್ಕದ ಮನೆಯ ಪೇಷ್ಕಾರರ ಹೆಂಡತಿ ಖಾಜಾಬಿ ಹೈದರಾಬಾದಿಗೆ ಹೊರಟುಹೋದ ದಿನ ನನ್ನ ಹೆಂಡತಿ ಗೌರಮ್ಮ ಒಲೆ ಹಚ್ಚಲಿಲ್ಲ. ಮೋಟುಗೋಡೆಯ ಮೇಲಿಂದ ಈಚೆಯ ಪುಂಡಿಪಲ್ಯ ಆಚೆಗೆ, ಆಚೆಯ ಉಪ್ಪಿನಕಾಯಿ ಈಚೆಗೆ ಹೋಗಿಬರುತ್ತಿದ್ದ ವರ್ಷಗಳು ಅವು. ಆ ಮನೆಗೆ ಈಗ ಕನ್ಯಾಶಾಲೆಯ ಶಿಕ್ಷಕಿ ಸುಮಿತ್ರಾಬಾಯಿ ಬಂದರು. ಅಷ್ಟರಲ್ಲಿ ಕಚೇರಿಯಲ್ಲಿ ಇನ್ನು ಕನ್ನಡದಲ್ಲೇ ಬರೆಯಬೇಕೆಂದು ಹುಕುಂ ಆಯಿತು. ಮಾತು ಹುಟ್ಟಿನಿಂದ ಬಂದದ್ದು. ಬರೆಯಲು ಕೂತರೆ ಮಾತ್ರ ಕೈ ಬಲದಿಂದ ಎಡಕ್ಕೇ ಓಡುತ್ತಿತ್ತು. ಸಂಜೆ ಬಾಯಿಯವರ ಕಟ್ಟೆಯ ಮೇಲೆ ಕನ್ನಡ ಅಕ್ಷರ ಕಲಿಯಲು ಪಾಟಿ ಹಿಡಿದು ಕೂತೆ. ಬೇಸರ ಕಳೆಯಲು ಗೌರಮ್ಮನೂ ಬಂದು ಕೂತಳು.

ನಾಲ್ಕು ತಿಂಗಳಿಗೆ ಬಾಯಿಯವರು, "ಗೌರಮ್ಮನವರು ಭಾಳ ಶಾಣ್ಯಾರಿದ್ದಾರ್ರಿ. ನೀವೂ..." ಎಂದು ಸುಮ್ಮನಾದರು. ಸಭ್ಯ ಹೆಂಗಸು.

ಒಂದು ದಿನ ಗೌರಮ್ಮ ಕಾಗದವೊಂದನ್ನು ನನ್ನ ಕೈಗಿಟ್ಟಳು. "ಖಾಜಾಬಿಗೆ ಬರದೀನ್ರಿ. ಆಕಿಗೆ ನಮ್ಮ ಮಾತು ಬರ್ತದ, ಅಕ್ಷರ ಬರಂಗಿಲ್ಲ. ಉರ್ದುದಾಗ ಬರದು ಕಳಸ್ರಿ."

ಕೂಡಿಸಿ ಕೂಡಿಸಿ ಓದಿದೆ. "ನಿಮ್ಮ ಮನಿಗಿ ಬಂದ ಬಾಯಾರು ಚಲೋ ಅದಾರ. ಆದ್ರ ಗ್ವಾಡಿ ಮ್ಯಾಲಿಂದ ಕರಿಯಾಕ ನಾಚಿಕಿ ಬರ್ತದ. ನೀ ಇದ್ದಾಗ ನಾಚಿಕಿ ಅನ್ನೂದು ಗೊತ್ತಿರಲಿಲ್ಲ." ನನ್ನ ಕಣ್ಣು ಮಂಜಾಯಿತು. ಮುಂದಿನ ಸಾಲು: "ನಮ್ಮವರು ಇನ್ನೂ ಒತ್ತಕ್ಷರ ಹುಡುಕಾಕತ್ಯಾರ. ತಲಿ ಅಷ್ಟಕ್ಕಷ್ಟ."

ಮಂಜು ಕೂಡಲೇ ಹರಿಯಿತು. ಮೊದಲ ಭಾಗವನ್ನು ಒಂದಕ್ಷರ ಬಿಡದೆ ಉರ್ದುವಿಗೆ ತಂದೆ. ಕೊನೆಯ ಸಾಲಿನ ಬದಲು, "ನಮ್ಮವರ ಕನ್ನಡ ಬಹಳ ಸುಧಾರಿಸಿದೆ, ಅವರಂಥ ಬುದ್ಧಿವಂತರು ಅಪರೂಪ" ಎಂದು ನಾನೇ ಬರೆದು ಅಂಚೆಗೆ ಹಾಕಿದೆ.

ತಿಂಗಳೊಳಗೆ ಉತ್ತರ ಬಂತು. ಗೌರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದು, "ಏನ್ ಬರದಾಳ? ಜೋರಾಗಿ ಓದ್ರಿ" ಎಂದಳು.

ಖಾಜಾಬಿ ಉರ್ದುವಿನಲ್ಲಿ ಬರೆಸಿದ್ದಳು: "ಭಾಯಿಸಾಬ್, ಗೌರಮ್ಮ ನಿಮ್ಮನ್ನ ಹೊಗಳ್ಯಾಳ ಅಂದ್ರ ಆಕಿಗೆ ಏನೋ ದೊಡ್ಡ ಜಡ್ಡು ಬಂದದ. ಊಟ ಸೇರವಲ್ದು ನನಗ. ಹ್ಯಾಂಗದಾಳ, ಲಗೂ ತಿಳಸ್ರಿ."

ಚಿಕ್ಕಂದಿನಿಂದ ಉರ್ದು ಓದಿದ ನಾನು, ಅವತ್ತು ಮೊದಲ ಬಾರಿಗೆ ಉರ್ದುವಿನಲ್ಲೂ ತಡವರಿಸಿದೆ.