ನೀರಣ್ಣನ ಮೂರು ಫಿಲ್ಟರು, ಸಾಹೇಬರ ಒಂದು ಸಹಿ

ತಪ್ಪೆಲ್ಲ ಡಬ್ಬಿಯೊಳಗಿದ್ದ ಚೀಟಿಯದ್ದು. 'ಮೊದಲ ಸಲ ಬಳಸುವ ಮುನ್ನ ಎರಡು ಲೀಟರ್ ಶುದ್ಧ ನೀರನ್ನು ಫಿಲ್ಟರಿನ ಮೂಲಕ ಹಾಯಿಸಿ' ಎಂದು ಅದರಲ್ಲಿ ಬರೆದಿತ್ತು. ನೀರಣ್ಣನಿಗೆ ಗೊತ್ತಿದ್ದ ಅತ್ಯಂತ ಶುದ್ಧವಾದ ನೀರು ಎಂದರೆ ತನ್ನ ಮನೆಯ ನಲ್ಲಿಯದ್ದೇ. ಅದು ಶುದ್ಧ ಎಂದು ದಿನಾ ಸಹಿ ಹಾಕುತ್ತಿದ್ದವನೂ ಅವನೇ.

ನೀರಣ್ಣ ಅವನ ಹೆಸರಲ್ಲ. ಊರಿನ ನೀರು ಸರಬರಾಜು ಕಚೇರಿಯಲ್ಲಿ ಹದಿನಾಲ್ಕು ವರ್ಷ ನೀರು ಪರೀಕ್ಷೆ ಮಾಡಿ ಮಾಡಿ ನಿಜವಾದ ಹೆಸರು ಯಾವಾಗಲೋ ತೊಳೆದುಹೋಗಿತ್ತು. ಬೆಳಿಗ್ಗೆ ದೊಡ್ಡ ಟ್ಯಾಂಕಿನಿಂದ ಒಂದು ಸೀಸೆ ನೀರು ಹಿಡಿದು, ಎರಡು ಹನಿ ಔಷಧಿ ಬಿಟ್ಟು, ಬಣ್ಣ ನೋಡಿ, 'ಇಂದಿನ ನೀರು ಕುಡಿಯಲು ಯೋಗ್ಯ' ಎಂಬ ಹಾಳೆಗೆ ಸಹಿ ಹಾಕಿ ಕಚೇರಿಯ ಬಾಗಿಲಿಗೆ ಅಂಟಿಸುವುದು ಅವನ ಕೆಲಸ. ಆ ಹಾಳೆಯನ್ನು ಈವರೆಗೆ ಯಾರೂ ನಿಂತು ಓದಿದ್ದಿಲ್ಲ. ಸುಖವಾದ ನೌಕರಿ ಎಂದರೆ ಇದೇ ಎಂದು ಅವನೂ ಅಂದುಕೊಂಡಿದ್ದ.

ಅವನ ಹೆಂಡತಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ವರ್ಷಕ್ಕೊಮ್ಮೆ ಅವಳೂ ಅವಳ ಶಾಲೆಯ ಸಹೋದ್ಯೋಗಿಗಳೂ ಬೆನ್ನಿಗೆ ಚೀಲ ಹೇರಿಕೊಂಡು ನಾಲ್ಕು ದಿನ ಬೆಟ್ಟ ಸುತ್ತಲು ಹೋಗುತ್ತಿದ್ದರು. ನೀರಣ್ಣನಿಗೂ ಜೊತೆಗೆ ಹೋಗುವ ಆಸೆ. ಬೆಟ್ಟದ ಮೇಲೆ ಅವನಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೆ ಅಲ್ಲಿಂದ ಬಂದ ಮೇಲೆ ಹೆಂಡತಿ ಒಂದು ವಾರ ಬಟ್ಟೆ ಒಗೆಯುವಾಗಲೂ ತನ್ನಷ್ಟಕ್ಕೆ ನಗುತ್ತಿರುತ್ತಿದ್ದಳು. ಆ ನಗುವಿನಲ್ಲಿ ತನಗೆ ಪಾಲಿಲ್ಲವಲ್ಲ ಎಂದು ಅವನಿಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಮೂರು ವರ್ಷ ಸತತವಾಗಿ ರಜೆಗೆ ಅರ್ಜಿ ಹಾಕಿದ್ದ. ಮೊದಲ ವರ್ಷ ಪೈಪು ಒಡೆಯಿತು, ಎರಡನೆಯ ವರ್ಷ ತಪಾಸಣೆ ಬಂತು, ಮೂರನೆಯ ವರ್ಷ ಸಾಹೇಬರಿಗೆ ನೆಗಡಿ ಬಂತು. ಪ್ರತಿ ಸಲವೂ ಹೊರಡುವ ಮುಂಚೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರಿಂದ, ಆಮೇಲೆ ತಿಂಗಳುಗಟ್ಟಲೆ "ಬೆಟ್ಟ ಹೇಗಿತ್ತು?" ಎಂದು ಕೇಳಿಸಿಕೊಳ್ಳಬೇಕಾಗಿತ್ತು. ಅದಕ್ಕೇ ಈ ಸಲ ಹೆಂಡತಿ ಮೊದಲೇ ಎಚ್ಚರಿಸಿದ್ದಳು.

"ನೋಡ್ರೀ, ನಾಳಿದ್ದು ಬೆಳಿಗ್ಗೆ ಆರಕ್ಕೆ ವ್ಯಾನ್ ಹೊರಡುತ್ತೆ. ಸಾಹೇಬರ ಸಹಿ ಬೀಳೋವರೆಗೂ ಯಾರ ಹತ್ರನೂ ಬಾಯಿ ಬಿಡಬೇಡಿ. ನಿಮಗೆ ಇರೋದು ಒಂದೇ ಕೆಲಸ, ನೀರಿನ ಫಿಲ್ಟರ್ ಆರಿಸೋದು. ಅದನ್ನಾದ್ರೂ ಸರಿಯಾಗಿ ಮಾಡಿ."

ಹೋದ ವರ್ಷ ಅವರು ತೊರೆಯ ನೀರನ್ನು ಕುದಿಸಿ, ಅದು ಆರುವುದನ್ನೇ ಕಾಯುತ್ತ ಅರ್ಧ ದಿನ ಕಳೆದಿದ್ದರಂತೆ. ಬೆಟ್ಟ ಹತ್ತುವವರ ಸಾಮಾನು ಮಾರುವ ಅಂಗಡಿಯವನು ಪರಿಚಯದವನಾದ್ದರಿಂದ ಮೂರು ಬಗೆಯ ಫಿಲ್ಟರು ಕೊಟ್ಟು, "ಬೇಕಾದ್ದನ್ನ ಇಟ್ಕೊಳ್ಳಿ, ಮಿಕ್ಕ ಎರಡನ್ನ ನಾಳೆ ಸಂಜೆಯೊಳಗೆ ವಾಪಸ್ ತನ್ನಿ" ಎಂದಿದ್ದ. ಒಂದು, ತೊರೆಗೇ ಬಾಯಿ ಹಾಕಿ ಹೀರುವ ದಪ್ಪನೆಯ ಕೊಳವೆ. ಎರಡನೆಯದು, ನೀರು ತುಂಬಿ ಹಿಂಡುವ ಚೀಲ. ಮೂರನೆಯದು, ಮರಕ್ಕೆ ತೂಗುಹಾಕಿದರೆ ತಾನಾಗಿ ಸೋಸಿ ಕೆಳಗಿನ ಪಾತ್ರೆಗೆ ಇಳಿಸುವ ತೂಗುಚೀಲ.

ಹೀಗಾಗಿ ಹೊರಡುವ ಹಿಂದಿನ ದಿನ ಬೆಳಿಗ್ಗೆ ಏಳಕ್ಕೆ ನೀರಣ್ಣ ಅಂಗಳದ ನಲ್ಲಿಯಿಂದ ಬಕೆಟ್ ತುಂಬಿಸಿ, ಮಂಡಿಯೂರಿ, ಕೊಳವೆಯನ್ನು ಅದರಲ್ಲಿ ಅದ್ದಿ ಹೀರತೊಡಗಿದ. ಎರಡು ಲೀಟರು ಹೀರಿ ಉಗುಳುವುದೆಂದರೆ ಹುಡುಗಾಟವಲ್ಲ. ಕೆನ್ನೆ ಒಳಕ್ಕೆ ಹೋಗಿ ಕಣ್ಣು ಹೊರಕ್ಕೆ ಬಂದವು. ಆಮೇಲೆ ಚೀಲವನ್ನು ಹಿಂಡಿದ. ತೂಗುಚೀಲವನ್ನು ಬಟ್ಟೆ ಒಣಹಾಕುವ ತಂತಿಗೆ ನೇತುಹಾಕಿ, ಕೆಳಗೆ ಇಳಿದ ನೀರನ್ನು ಮೂಸಿ, ರುಚಿ ನೋಡಿ, ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದುಕೊಂಡ. ಅಭ್ಯಾಸಬಲ, ಏನು ಮಾಡುವುದು?

ಎದುರುಮನೆಯ ದೊಡ್ಡಮ್ಮ ಹೂವಿನ ಕುಂಡಕ್ಕೆ ನೀರು ಹಾಕುತ್ತಿದ್ದವರು ಕೈ ನಿಲ್ಲಿಸಿದ್ದರು. ಬೀದಿಗೆಲ್ಲ ಅವರು ದೊಡ್ಡಮ್ಮ. ಬೀದಿಯ ಯಾವ ಸುದ್ದಿಯೂ ಅವರನ್ನು ದಾಟಿಕೊಂಡು ಹೋದದ್ದಿಲ್ಲ.

"ಏನಪ್ಪಾ ಅದು?"

"ಏನಿಲ್ಲ ದೊಡ್ಡಮ್ಮ, ಸುಮ್ನೆ."

"ನಲ್ಲಿ ನೀರು ತಾನೆ ಅದು?"

"ಹೂಂ."

"ನೀನೇ ಪರೀಕ್ಷೆ ಮಾಡಿ ಬಿಡೋ ನೀರು?"

"ಹೂಂ."

"ಅದನ್ನ ಮೂರು ಮೂರು ಸಲ ಸೋಸ್ತಾ ಇದ್ದೀಯಲ್ಲ?"

ಬೆಟ್ಟ ಎನ್ನುವ ಮಾತು ನೀರಣ್ಣನ ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿಯ ಮುಖ ನೆನಪಾಗಿ ಅದನ್ನು ನುಂಗಿಕೊಂಡು, ಹೇಳಬಾರದ ಮಾತೊಂದನ್ನು ಹೇಳಿಬಿಟ್ಟ.

"ದಯವಿಟ್ಟು ಯಾರಿಗೂ ಹೇಳ್ಬೇಡಿ ದೊಡ್ಡಮ್ಮ."

ದೊಡ್ಡಮ್ಮ ಕೈಲಿದ್ದ ನೀರಿನ ಚೊಂಬನ್ನು ಹಾವು ಮುಟ್ಟಿದವರಂತೆ ಕೆಳಗಿಟ್ಟು ಸರಸರನೆ ಒಳಗೆ ಹೋದರು. ಹತ್ತು ನಿಮಿಷದೊಳಗೆ ಬೀದಿಯ ಅಷ್ಟೂ ಅಡುಗೆಮನೆಗಳಲ್ಲಿ ನೀರು ಕುದಿಯತೊಡಗಿತು.

ನೀರಣ್ಣನಿಗೆ ಇದೊಂದೂ ತಿಳಿಯದು. ಕಚೇರಿಗೆ ಹೋಗುವ ದಾರಿಯಲ್ಲಿ ಕೆರೆಯಿಂದ ಒಂದು ಕ್ಯಾನು ರಾಡಿ ನೀರು ತುಂಬಿಕೊಂಡ. ದಿನದ ಹಾಳೆಗೆ ಸಹಿ ಹಾಕಿ ಅಂಟಿಸಿ, ರಜೆಯ ಅರ್ಜಿ ಸಾಹೇಬರ ಮೇಜಿನ ಮೇಲೇ ಇದೆಯೆಂದು ಇಣುಕಿ ನೋಡಿ, ಪ್ರಯೋಗಾಲಯದ ಬಾಗಿಲು ಮುಚ್ಚಿಕೊಂಡ. ಕೆರೆಯ ನೀರನ್ನು ಮೂರು ಫಿಲ್ಟರಿಗೂ ಹಾಕಿ ನೋಡಿದರೆ, ಕೊಳವೆಯಲ್ಲಿ ಒಬ್ಬೊಬ್ಬರೇ ಹೊಟ್ಟೆಯ ಮೇಲೆ ಮಲಗಿ ಕುಡಿಯಬೇಕು, ಅಡುಗೆಗೆ ನೀರಿಲ್ಲ. ಹಿಂಡುವ ಚೀಲದಲ್ಲಿ ಹನ್ನೊಂದು ಜನಕ್ಕೆ ನೀರು ಹಿಂಡುವಷ್ಟರಲ್ಲಿ ಹಿಂಡಿದವನ ಕೈ ಬಿದ್ದುಹೋಗುತ್ತದೆ. ತೂಗುಚೀಲವೇ ವಾಸಿ. ನೇತುಹಾಕಿ ಪಕ್ಕದಲ್ಲಿ ಕಾಲು ಚಾಚಿ ಕೂರಬಹುದು. ತಾನೂ ಹೆಂಡತಿಯೂ ಹಾಗೆ ಕೂತಿರುವುದನ್ನು ಕಲ್ಪಿಸಿಕೊಂಡು ನೀರಣ್ಣ ಬೀಕರಿನ ಮುಂದೆ ಒಬ್ಬನೇ ನಕ್ಕ.

ಬಾಗಿಲು ತೆರೆದು ಗುಮಾಸ್ತ ಒಳಗೆ ಬಂದ. ಅವನ ದೃಷ್ಟಿ ಮೂರು ಫಿಲ್ಟರುಗಳ ಮೇಲೆ ಹರಿದು ಬೀಕರಿನ ರಾಡಿ ನೀರಿನ ಮೇಲೆ ನಿಂತಿತು.

"ಅಂದ್ರೆ ನಿಜಾನೇ ಸಾರ್!"

"ಏನು ನಿಜ?"

"ನಮ್ಮನೆಯವಳು ಈಗ ತಾನೆ ಫೋನ್ ಮಾಡಿದ್ಲು. ಇರ್ಲಿ ಬಿಡಿ ಸಾರ್, ನಾನೂ ಇದೇ ಆಫೀಸಿನವನು, ಬಾಯಿಬಿಡಲ್ಲ. ಮನೇಲಿ ಚಿಕ್ಕ ಮಕ್ಕಳಿದ್ದಾರೆ. ಮೂರರಲ್ಲಿ ಯಾವುದು ಒಳ್ಳೇದು ಅಂತ ನನಗಾದ್ರೂ ಹೇಳ್ಬಿಡಿ."

ಲೆಕ್ಕಾಚಾರದಲ್ಲೇ ಮುಳುಗಿದ್ದ ನೀರಣ್ಣ, "ತೂಗುಚೀಲ. ಅನುಮಾನವೇ ಬೇಡ" ಎಂದ.

ಮಧ್ಯಾಹ್ನ ಒಂದು ಗಂಟೆಗೆ ಅಂಗಡಿಯವನ ಫೋನು ಬಂತು. "ಏನ್ ಮಂತ್ರ ಹಾಕಿದ್ರಿ ಸ್ವಾಮಿ? ಎರಡು ವರ್ಷದಿಂದ ಧೂಳು ತಿಂತಿದ್ದ ತೂಗುಚೀಲ ಅಷ್ಟೂ ಖಾಲಿ. 'ನೀರು ಪರೀಕ್ಷಕರೇ ಆರಿಸಿದ್ದು' ಅಂತ ಬೋರ್ಡ್ ಹಾಕಿದ್ದೀನಿ, ಬೇಜಾರಿಲ್ಲ ತಾನೆ? ಆ ಎರಡನ್ನ ಬೇಗ ತನ್ನಿ, ಇಲ್ಲಿ ಹೊಡೆದಾಟ ಆಗೋ ಹಾಗಿದೆ."

ಎರಡು ಗಂಟೆಗೆ ಹೆಂಡತಿಯ ಫೋನು. "ರೀ, ನಾಳೆಯಿಂದ ಮಕ್ಕಳು ಮನೆಯಿಂದಲೇ ಕುದಿಸಿದ ನೀರು ತರಬೇಕು ಅಂತ ಇಲ್ಲಿ ಸುತ್ತೋಲೆ ಹೊರಟಿದೆ. ಏನ್ ಮಾಡಿದ್ರಿ ನೀವು?"

"ನೀನು ಹೇಳಿದ್ದನ್ನೇ ಮಾಡಿದೆ. ಬಾಯಿ ಬಿಡ್ಲಿಲ್ಲ" ಎಂದ ನೀರಣ್ಣ. ಅಷ್ಟರಲ್ಲಿ ಸಾಹೇಬರಿಂದ ಕರೆ ಬಂತು.

ಸಾಹೇಬರು ಸಾಧು ಮನುಷ್ಯ. ಅವರಿಗೆ ಬೇಕಾಗಿದ್ದು ಒಂದೇ, ಫೋನು ಬಡಿದುಕೊಳ್ಳಬಾರದು. ಆ ದಿನ ಕಚೇರಿಯ ಮೊಬೈಲೂ ಸ್ವಂತದ್ದೂ ಹನ್ನೊಂದು ಗಂಟೆಯಿಂದ ಸರದಿಯ ಮೇಲೆ ಬಡಿದುಕೊಳ್ಳುತ್ತಿದ್ದವು. ಬಾಗಿಲಿಗೆ ಅಂಟಿಸಿದ ಹಾಳೆಯ ಮುಂದೆ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಜನ ಗುಂಪುಗೂಡಿ ಓದುತ್ತಿದ್ದರು. ನೀರಣ್ಣ ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಬೆಟ್ಟ, ಹೆಂಡತಿ, ಚೀಟಿ, ಎರಡು ಲೀಟರು, ದೊಡ್ಡಮ್ಮ ಎಲ್ಲವನ್ನೂ ಒಪ್ಪಿಸಿದ. ಸಾಹೇಬರು ಅರ್ಜಿಯನ್ನು ಎತ್ತಿ ಓದಿದರು.

"ನಾಳೆಯಿಂದ ನಾಲ್ಕು ದಿನ. ಈಗ ನಾನು ಇದಕ್ಕೆ ಸಹಿ ಹಾಕಿದ್ರೆ ಜನ ಏನಂತಾರೆ ಹೇಳಿ? ನೀರು ಪರೀಕ್ಷೆ ಮಾಡೋನೇ ಊರು ಬಿಟ್ಟು ಓಡಿದ ಅಂತಾರೆ."

ನೀರಣ್ಣನ ಮುಖ ಹಿಂಡಿದ ಚೀಲದಂತಾಯಿತು. ಸಾಹೇಬರಿಗೆ ಕನಿಕರ ಬಂತೋ, ಮತ್ತೆ ಫೋನು ಬಡಿದುಕೊಂಡಿತೋ, ಅಂತೂ ಒಂದು ದಾರಿ ತೋರಿಸಿದರು.

"ಸಂಜೆ ಐದಕ್ಕೆ ನಿಮ್ಮ ಬೀದಿಗೆ ಬರ್ತೀನಿ. ಎಲ್ಲರ ಮುಂದೆ ನಲ್ಲಿ ನೀರು ಕುಡಿದು ತೋರಿಸಿ. ಜನ ನಂಬಿದ್ರೆ ಸಹಿ. ಆಯ್ತಾ?"

ನೀರು ಕುಡಿದಷ್ಟು ಸುಲಭ ಎನ್ನುತ್ತಾರೆ. ಅದು ಎಷ್ಟು ಕಷ್ಟವೆಂದು ನೀರಣ್ಣನಿಗೆ ಐದು ಗಂಟೆಗೆ ಗೊತ್ತಾಯಿತು. ಬೀದಿಗೆ ಬೀದಿಯೇ ಸೇರಿತ್ತು. ಅವನ ಮನೆಯ ನಲ್ಲಿಯಿಂದ ಒಂದು ಲೋಟ ಕುಡಿದ. "ಅವರ ಮನೆಗೆ ಬೇರೆ ಪೈಪ್ ಇರಬಹುದು" ಎಂದರು ಯಾರೋ. ದೊಡ್ಡಮ್ಮನ ಮನೆಯ ನಲ್ಲಿಯಿಂದ ಒಂದು ಲೋಟ, ಮೂಲೆಮನೆಯಿಂದ ಒಂದು, ದರ್ಜಿಯ ಅಂಗಡಿಯಿಂದ ಒಂದು. ಒಬ್ಬರದು ಕುಡಿದು ಇನ್ನೊಬ್ಬರದು ಬಿಟ್ಟರೆ ಅವರಿಗೆ ಅವಮಾನ. ಒಂಬತ್ತನೆಯ ಲೋಟ ಗಂಟಲಲ್ಲಿ ಅಡ್ಡ ತಿರುಗಿ ಕೆಮ್ಮು ಬಂತು.

"ನೋಡಿದ್ರಾ! ಶುರುವಾಯ್ತು!" ಎಂದರು ದೊಡ್ಡಮ್ಮ.

ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು. ಯಾರೋ ಡಾಕ್ಟರಿಗೆ ಫೋನು ಮಾಡಲು ಹೊರಟರು. ಸಾಹೇಬರು ಜೇಬಿನಲ್ಲಿ ಬಡಿದುಕೊಳ್ಳುತ್ತಿದ್ದುದನ್ನು ಬಟ್ಟೆಯ ಮೇಲಿಂದಲೇ ಒತ್ತಿ ಹಿಡಿದುಕೊಂಡರು. ನೀರಣ್ಣ ಕೆಮ್ಮುತ್ತ, ಹೊಟ್ಟೆಯೊಳಗೆ ಒಂಬತ್ತು ಮನೆಯ ನೀರು ಕುಲುಕಾಡುತ್ತ, ಇನ್ನು ಈ ವರ್ಷವೂ ಮುಗಿಯಿತು ಎಂದುಕೊಂಡ.

ಆಗ ಹೆಂಡತಿ ಶಾಲೆಯಿಂದ ಬಂದಳು. ಗುಂಪನ್ನು ಸೀಳಿಕೊಂಡು ಒಳಗೆ ಹೋದವಳು ಎರಡು ಬೆನ್ನುಚೀಲ, ನಕ್ಷೆ, ದಪ್ಪ ತಳದ ಎರಡು ಜೊತೆ ಬೂಟು ತಂದು ಜಗುಲಿಯ ಮೇಲೆ ಸಾಲಾಗಿ ಇಟ್ಟಳು.

"ನಾಳೆ ನಾವು ಬೆಟ್ಟಕ್ಕೆ ಹೋಗ್ತಿದ್ದೀವಿ. ಫಿಲ್ಟರ್ ಅಲ್ಲಿಗೆ. ಯಾರಿಗೂ ಹೇಳ್ಬೇಡಿ ಅಂತ ನಾನೇ ಇವರಿಗೆ ಹೇಳಿದ್ದೆ. ತಪ್ಪು ನಂದು" ಎಂದವಳೇ ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ಹಿಡಿದು ಗಟಗಟ ಕುಡಿದಳು.

ಬೀದಿಯ ಅರ್ಧ ಜನ ಅವಳ ಶಿಷ್ಯರ ತಂದೆ-ತಾಯಂದಿರು. ಒಂಬತ್ತು ಲೋಟದಿಂದ ಆಗದ ಕೆಲಸ ಒಂದು ಬೊಗಸೆಯಿಂದ ಆಯಿತು. "ಟೀಚರ್ ಸುಳ್ಳು ಹೇಳಲ್ಲ" ಎಂದು ಗುಂಪು ಕರಗಿತು. ದೊಡ್ಡಮ್ಮ ಮಾತ್ರ, "ಮೊದಲೇ ಹೇಳೋಕೆ ಏನಾಗಿತ್ತಪ್ಪಾ? ನಾನೇನು ಊರಿಗೆಲ್ಲ ಸಾರ್ತಿದ್ನಾ?" ಎಂದು ಮುನಿಸಿಕೊಂಡು ಹೋದರು.

ಸಾಹೇಬರನ್ನು ಒಳಗೆ ಕರೆದು ಚಹಾ ಕೊಟ್ಟದ್ದಾಯಿತು. ಅವರಿಗೆ ನಿರಾಳವಾಗಿತ್ತು. ತೂಗುಚೀಲವನ್ನು ಮುಟ್ಟಿ, ತಿರುಗಿಸಿ ನೋಡಿದರು. ಬೆಟ್ಟದ ವಿಚಾರ ಕೇಳಿದರು. ಎಷ್ಟು ಜನ? ಹನ್ನೊಂದು. ಬಹಳ ಕಡಿದಾದ ದಾರಿಯೋ? ಇಲ್ಲ ಸರ್, ನಿಧಾನ ಹತ್ತಿದರೆ ಯಾರು ಬೇಕಾದರೂ ಹತ್ತಬಹುದು. ಅಷ್ಟರಲ್ಲಿ ಅವರ ಫೋನು ಮತ್ತೆ ಬಡಿದುಕೊಂಡಿತು. ನೀರು ಸರಿ ಇದೆಯೇ ಎಂದು ಯಾರೋ ಕೇಳುತ್ತಿದ್ದರು. ಉತ್ತರ ಹೇಳಿ ಇಟ್ಟರು. ಮತ್ತೆ ಬಡಿದುಕೊಂಡಿತು.

"ಅಲ್ಲಿ ಫೋನ್ ಸಿಗುತ್ತಾ ಟೀಚರ್?"

"ಇಲ್ಲ ಸರ್. ವ್ಯಾನ್ ಊರು ದಾಟಿ ಒಂದು ಗಂಟೆ ಆದ ಮೇಲೆ ನಾಲ್ಕು ದಿನ ಸಿಗ್ನಲ್ಲೇ ಇರಲ್ಲ."

"ನಾಲ್ಕು ದಿನ" ಎಂದರು ಸಾಹೇಬರು, ಬಹಳ ಮೆಲ್ಲಗೆ. ಲೋಟ ಕೆಳಗಿಟ್ಟು ಎದ್ದರು. "ಸಹಿ ಮಾಡಿದ ಕಾಗದ ಬೆಳಿಗ್ಗೆ ನಾನೇ ವ್ಯಾನ್ ಹತ್ರ ತಂದುಕೊಡ್ತೀನಿ."

ಬೆಳಿಗ್ಗೆ ಆರಕ್ಕೆ ಐದು ನಿಮಿಷವಿರುವಾಗ ಸಾಹೇಬರು ಬಂದರು. ಹೊಸ ಬೂಟು ಕಚ್ಚುತ್ತಿದ್ದರಿಂದ ಸ್ವಲ್ಪ ಕುಂಟುತ್ತಿದ್ದರು. ಬೆನ್ನಿಗೆ ಚೀಲವಿತ್ತು. ನೀರಣ್ಣ ಎರಡೂ ಕೈ ಚಾಚಿ ಕಾಗದ ತೆಗೆದುಕೊಂಡು ಓದಿದ. ಸಹಿ ಇತ್ತು. ರಜೆಯೂ ಇತ್ತು. ಆದರೆ ರಜೆ ಸಾಹೇಬರದ್ದು. ಅವರು ಹಿಂದಿರುಗುವವರೆಗೆ ಕಚೇರಿಯ ಪೂರ್ಣ ಉಸ್ತುವಾರಿ ನೀರಣ್ಣನದ್ದು.

"ಸರ್, ನನ್ನ ಅರ್ಜಿ?"

"ಅದಕ್ಕೆ ನಾನೀಗ ಏನೂ ಮಾಡೋ ಹಾಗಿಲ್ಲ. ನಾನು ರಜೆಯಲ್ಲಿದ್ದೀನಲ್ಲ" ಎಂದರು ಸಾಹೇಬರು, ತಪ್ಪಿತಸ್ಥರ ದನಿಯಲ್ಲಿ. "ನಿಮ್ಮನ್ನ ಬಿಟ್ಟು ಬೇರೆ ಯಾರ ಮೇಲೂ ನನಗೆ ನಂಬಿಕೆ ಇಲ್ಲ. ಹೇಗೂ ಒಂದು ಸೀಟು ಖಾಲಿಯಾಯ್ತು." ಎರಡೂ ಫೋನುಗಳನ್ನು ಜೇಬಿನಿಂದ ತೆಗೆದು ನೀರಣ್ಣನ ಅಂಗೈಯಲ್ಲಿಟ್ಟು, ಅವನ ಹೆಗಲಿಗಿದ್ದ ತೂಗುಚೀಲವನ್ನು ತೆಗೆದುಕೊಂಡು ವ್ಯಾನ್ ಹತ್ತಿದರು.

ಹೆಂಡತಿ ಧಡಧಡ ಇಳಿದು ಬಂದಳು. "ನಾನೂ ಹೋಗಲ್ಲ."

"ದಾರಿ ಗೊತ್ತಿರೋದು ನಿನಗೊಬ್ಬಳಿಗೇ. ಹೋಗು" ಎಂದ ನೀರಣ್ಣ. ಅವಳು ಅವನ ಅಂಗಿಯ ತೋಳನ್ನು ಒಂದು ಗಳಿಗೆ ಬಿಗಿಯಾಗಿ ಹಿಡಿದು ಬಿಟ್ಟಳು. ವ್ಯಾನ್ ಹೊರಟಾಗ ಅವಳ ಪಕ್ಕದ ಸೀಟಿನಲ್ಲಿ ಸಾಹೇಬರು, ತೂಗುಚೀಲದ ಯಾವ ಬದಿ ಮೇಲೆ ಎಂದು ವಿಚಾರಿಸುತ್ತಿದ್ದರು.

ಏಳು ಗಂಟೆಗೆ ನೀರಣ್ಣ ಸಾಹೇಬರ ಕುರ್ಚಿಯಲ್ಲಿ ಕುಳಿತ. ಎರಡು ಫೋನೂ ಬಡಿದುಕೊಳ್ಳುತ್ತಿದ್ದವು. ಎದುರಿಗೆ ಅವನ ಅರ್ಜಿ. ಮಂಜೂರು ಮಾಡುವ ಅಧಿಕಾರ ಈಗ ಅವನಿಗೇ ಇತ್ತು; ಪೆನ್ನಿನ ಮುಚ್ಚಳವನ್ನೂ ತೆಗೆದ. ಆದರೆ ಉಸ್ತುವಾರಿಯವನೇ ರಜೆ ಹೋದರೆ ಉಸ್ತುವಾರಿ ಯಾರಿಗೆ? ನಿಯಮದ ಪುಸ್ತಕವನ್ನು ಎರಡು ಸಲ ತಿರುವಿಹಾಕಿದ. ಹದಿನಾಲ್ಕು ವರ್ಷ ಇದ್ದದ್ದನ್ನು ಇದ್ದ ಹಾಗೆ ಬರೆದು ಅಭ್ಯಾಸವಾದವನು, ಇವತ್ತು ಬೇರೆ ಹೇಗೆ ಬರೆದಾನು? 'ಕಚೇರಿಯ ಹಿತದೃಷ್ಟಿಯಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ' ಎಂದು ಬರೆದು ಅಧಿಕಾರಿಯ ಜಾಗದಲ್ಲಿ ಸಹಿ ಹಾಕಿದ. ಆಮೇಲೆ ಎದ್ದು, ಮೇಜನ್ನು ಸುತ್ತಿಕೊಂಡು ಈಚೆ ಬಂದು ನಿಂತು, 'ಓದಿಕೊಂಡಿದ್ದೇನೆ' ಎಂಬಲ್ಲಿ ಅರ್ಜಿದಾರನ ಸಹಿಯನ್ನೂ ಹಾಕಿದ.