'ಸೆಟ್' ಎಂಬ ಮಹನೀಯರಿಗೆ, ಅರವತ್ತೊಂದನೆಯ ಅರ್ಥದ ಕುರಿತು

ಇಂಗ್ಲಿಷ್ ಭಾಷೆಯ ಮೂರಕ್ಷರದ ದೊರೆಗಳೂ, ನಾಮಪದ, ಕ್ರಿಯಾಪದ, ವಿಶೇಷಣ ಎಂಬ ಮೂರು ಕುರ್ಚಿಗಳಲ್ಲಿ ಏಕಕಾಲಕ್ಕೆ ಕೂರಬಲ್ಲವರೂ ಆದ ಶ್ರೀಯುತ 'ಸೆಟ್' ಅವರ ಸನ್ನಿಧಾನಕ್ಕೆ, ನಿಘಂಟು ಕಚೇರಿಯ ಸಹಾಯಕ ಸಂಪಾದಕಿ ಕೈಮುಗಿದು ಮಾಡಿಕೊಳ್ಳುವ ವಿಜ್ಞಾಪನೆ.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ತಾವು ಕ್ಷೇಮವಾಗಿಯೇ ಇದ್ದೀರಿ, ದಿನೇದಿನೇ ಮೈತುಂಬಿಕೊಳ್ಳುತ್ತಲೂ ಇದ್ದೀರಿ ಎಂಬುದು ನನ್ನ ಮೇಜಿನ ಪಕ್ಕದ ಖಾನೆಗಳನ್ನು ಎಳೆದು ನೋಡಿದ ಯಾರಿಗಾದರೂ ಗೊತ್ತಾಗುತ್ತದೆ. ಇಂಗ್ಲಿಷ್ ಪದಗಳಿಗೆ ನಮ್ಮ ಭಾಷೆಯಲ್ಲಿ ಅರ್ಥ ಬರೆಯುವ ಈ ಕಚೇರಿಯಲ್ಲಿ ಉಳಿದವರಿಗೆಲ್ಲ ಒಂದೊಂದು ಅಕ್ಷರ ಹಂಚಿಕೊಟ್ಟು, ನನಗೆ ಮಾತ್ರ ತಮ್ಮೊಬ್ಬರನ್ನೇ ಒಪ್ಪಿಸಿ, "ಪುಟ್ಟ ಪದ ಕಣಮ್ಮಾ, ಒಂದು ವಾರದಲ್ಲಿ ಮುಗಿಸಿಬಿಡು" ಎಂದು ಪ್ರಧಾನ ಸಂಪಾದಕರು ಹೇಳಿ ಈಗ್ಗೆ ನಾಲ್ಕು ವರ್ಷ. ಆ ವಾರ ಇನ್ನೂ ಮುಗಿದಿಲ್ಲ.

ತಮ್ಮ ಪರಾಕ್ರಮವನ್ನು ಹೊಗಳಲು ನನಗಿರುವ ಒಂದು ನಾಲಗೆ ಸಾಲದು. ಸಿಮೆಂಟು ಗಟ್ಟಿಯಾದರೆ ತಾವು, ಸೂರ್ಯ ಮುಳುಗಿದರೆ ತಾವು. ಮುರಿದ ಮೂಳೆಯನ್ನು ವೈದ್ಯರು ಕೂಡಿಸಿದರೆ ತಾವು, ಗಡಿಯಾರಕ್ಕೆ ಅಲಾರಂ ಇಟ್ಟರೆ ತಾವು. ಆರು ಲೋಟ ಒಟ್ಟಿಗಿದ್ದರೆ ತಾವು, ಅದರಲ್ಲೊಂದು ಒಡೆದರೆ ಕೆಡುವುದೂ ತಾವೇ. ನಾಟಕದವರು ರಟ್ಟಿನಲ್ಲಿ ಕಟ್ಟುವ ಅರಮನೆಯೂ ತಾವು, ಬೊಚ್ಚುಬಾಯಿಯ ಅಜ್ಜ ಬಿಚ್ಚಿ ನೀರಿನಲ್ಲಿಡುವ ಹಲ್ಲಿನ ಸಾಲೂ ತಾವು. ಹೆಸರಿಗೆ ಮೂರೇ ಅಕ್ಷರ, ಸಂಸಾರ ನೋಡಿದರೆ ಊರಗಲ. ತಾವೊಬ್ಬರೇ ಇಷ್ಟೊಂದು ಕೆಲಸ ಹಿಡಿದು ಕೂತರೆ ಉಳಿದ ಬಡಪಾಯಿ ಪದಗಳು ಹೊಟ್ಟೆಗೇನು ಮಾಡಬೇಕು ಎಂದು ಒಮ್ಮೆಯಾದರೂ ಯೋಚಿಸಿದ್ದೀರಾ? ನಮ್ಮ ಕಚೇರಿಯಲ್ಲಿ ಒಬ್ಬರಿಗೆ ಎರಡು ಕೆಲಸ ಕೊಟ್ಟರೆ ಮೂರನೆಯ ದಿನ ರಜೆಯ ಅರ್ಜಿ ಬರುತ್ತದೆ.

ಇಷ್ಟೆಲ್ಲ ಆಗಿಯೂ ತಮ್ಮ ಬೆಲೆ ಎಷ್ಟೆಂದು ತಮಗೆ ತಿಳಿದಿದೆಯೋ ಇಲ್ಲವೋ. ಊಟದ ವಿರಾಮದಲ್ಲಿ, ಊಟದ ಕೋಣೆಯ ಮೂಲೆಯ ಮೇಜಿನಲ್ಲಿ, ನಾನೂ ನಮ್ಮ ಕರಡು ತಿದ್ದುವವರೂ ಇಂಗ್ಲಿಷ್ ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಪದ ಕಟ್ಟುವ ಆಟ ಆಡುತ್ತೇವೆ. ಈ ಕರಡು ತಿದ್ದುವವರು ನನ್ನ ಮೇಜಿನ ಬೆನ್ನಿಗಿರುವ ಕಬ್ಬಿಣದ ಬೀರುವಿನ ಆಚೆ ಬದಿಗೆ ಇಪ್ಪತ್ತು ವರ್ಷಗಳಿಂದ ಕೂತಿರುವ ಮಿತಭಾಷಿ, ನನ್ನ ಹಾಗೆಯೇ ಒಂಟಿ, ಎಲ್ಲೋ ಒಂದು ಅಲ್ಪವಿರಾಮ ತಪ್ಪಿದರೆ ಊಟ ಸೇರದ ಜಾತಿ. ಆ ಆಟದಲ್ಲಿ, ಪ್ರಾಣಿಗಳನ್ನು ಕೂಡಿಹಾಕುವುದೊಂದನ್ನು ಬಿಟ್ಟರೆ ಬೇರೇನೂ ಅರಿಯದ 'ಜೂ' ಎಂಬ ಪದಕ್ಕೆ ಹನ್ನೆರಡು ಅಂಕ. ಜಗತ್ತನ್ನೇ ಹೊತ್ತು ನಿಂತ ತಮಗೆ ಮೂರು. "ಇಷ್ಟು ವರ್ಷ ಇವರಿಗೋಸ್ಕರ ದುಡಿದಿದ್ದೀರಿ ಮೇಡಂ, ಮೂರೇ ಅಂಕನಾ?" ಎಂದು ಅವರು ಕೇಳಿದಾಗ ತಮ್ಮ ಪರವಾಗಿ ನಾಚಿಕೊಂಡವಳು ನಾನು.

ಈಗ ದೂರಿಗೆ ಬರುತ್ತೇನೆ. ನಮ್ಮಲ್ಲೊಂದು ಪದ್ಧತಿ ಇದೆ. ಯಾರಿಗಾದರೂ ಒಂದು ಪದ ಬಳಕೆಯಾದ ಒಳ್ಳೆಯ ವಾಕ್ಯ ಸಿಕ್ಕರೆ ಅದನ್ನು ಹಳದಿ ಚೀಟಿಯಲ್ಲಿ ಬರೆದು, ಆ ಪದದ ಹೊಣೆ ಹೊತ್ತವರ ಮೇಜಿನ ಮೇಲಿನ ತಟ್ಟೆಯಲ್ಲಿ ಹಾಕಬೇಕು. ಅವರು ಅದನ್ನು ಆ ದಿನವೇ ಓದಿ, ತಿದ್ದಿ, ಯಾವ ಅರ್ಥಕ್ಕೆ ಉದಾಹರಣೆಯೋ ಆ ಸಂಖ್ಯೆ ಹಾಕಿ, ಮೊಹರು ಒತ್ತಿ, ಖಾನೆಗೆ ಸೇರಿಸಬೇಕು. ಬಾಯಿಮಾತಿಗೆ ಇಲ್ಲಿ ಮರ್ಯಾದೆಯಿಲ್ಲ. ಮೂರು ವರ್ಷದ ಹಿಂದೆ ಒಂದು ಸೋಮವಾರ ನನ್ನ ತಟ್ಟೆಯಲ್ಲಿ, ಕರಡು ತಿದ್ದುವವರ ಇರುವೆಸಾಲಿನಂಥ ಅಕ್ಷರದಲ್ಲಿ, ಒಂದು ಚೀಟಿ ಬಿದ್ದಿತ್ತು: "ನಮ್ಮಿಬ್ಬರಿಗೂ ಸೆಟ್ ಆಗುತ್ತೆ ಅಂತ ನನಗನ್ನಿಸುತ್ತೆ. ನಿಮಗೆ?"

ಮಾನ್ಯರೇ, ಬೇರೆ ಯಾವ ಹೆಂಗಸಾದರೂ ಆ ಚೀಟಿ ಹಿಡಿದು ಬೀರುವಿನ ಆಚೆಗೊಮ್ಮೆ ಇಣುಕಿ ನೋಡುತ್ತಿದ್ದಳು. ನಾನು 'ಆಕರ ಬರೆದಿಲ್ಲ' ಎಂದು ಕೆಂಪು ಶಾಯಿಯಲ್ಲಿ ಷರಾ ಬರೆದು ವಾಪಸು ಕಳಿಸಿದೆ. ಮಧ್ಯಾಹ್ನ ಅವರು ಆಕರದ ಜಾಗದಲ್ಲಿ 'ಸ್ವಂತ' ಎಂದು ತುಂಬಿ ಮತ್ತೆ ತಟ್ಟೆಯಲ್ಲಿಟ್ಟರು. ಅಷ್ಟಾದ ಮೇಲಾದರೂ ನನ್ನ ಮಂಡೆಗೆ ಹೊಳೆಯಬೇಡವೇ? ಹೊಳೆಯಿತು. ಜನ ಆಡುಮಾತಿನಲ್ಲಿ ತಮ್ಮನ್ನು 'ಹೊಂದಿಕೆಯಾಗು, ಸರಿಹೋಗು' ಎಂಬ ಅರ್ಥದಲ್ಲೂ ಬಳಸುತ್ತಾರೆ, ಅದು ನನ್ನ ಪಟ್ಟಿಯಲ್ಲೇ ಇಲ್ಲ ಎಂಬುದು ಹೊಳೆದು, ಕೂತಲ್ಲೇ ಕುಣಿದಾಡಿದೆ. ಅರವತ್ತೊಂದು ಎಂದು ಹೊಸ ಸಂಖ್ಯೆ ಕೊಟ್ಟೆ. ಉದಾಹರಣೆ ವಾಕ್ಯಕ್ಕೆ ಬಾಲ ಯಾಕೆಂದು 'ನಿಮಗೆ?' ಎಂಬುದನ್ನು ಹೊಡೆದುಹಾಕಿದೆ. 'ಸ್ವೀಕೃತ' ಎಂದು ಮೊಹರು ಒತ್ತಿ, ಖಾನೆ ಮುಚ್ಚಿ, ಬೀರುವಿನ ಆಚೆಗೆ ಕೇಳುವಂತೆ "ಭಾರಿ ಚೆನ್ನಾಗಿರೋ ವಾಕ್ಯ ಕೊಟ್ರಿ ಸರ್, ಇನ್ನೂ ಇದ್ರೆ ಕೊಡಿ" ಎಂದು ಕೂಗಿ ಹೇಳಿದೆ. ಆಚೆಯಿಂದ "ಇದ್ದಿದ್ದು ಅದೊಂದೇ ಮೇಡಂ" ಎಂಬ ಉತ್ತರ ಬಂತು.

ಕಳೆದ ವಾರ ತಮ್ಮ ಪುಟಗಳು ಕರಡಾಗಿ ಬಂದವು. ತನ್ನದೇ ಮಾತನ್ನು, ಬಾಲ ಕತ್ತರಿಸಿದ ಸ್ಥಿತಿಯಲ್ಲಿ, ಅಚ್ಚಿನಲ್ಲಿ ಓದಿ ಕಾಗುಣಿತ ನೋಡುವ ಕೆಲಸ ಆ ಮನುಷ್ಯರ ಪಾಲಿಗೆ ಬಂತು. ಮೂಲದಲ್ಲಿ ಇಲ್ಲದ ಒಂದು ಚುಕ್ಕೆಯನ್ನೂ ಸೇರಿಸುವ ಹಕ್ಕು ಕರಡು ತಿದ್ದುವವರಿಗಿಲ್ಲ, ಇಪ್ಪತ್ತು ವರ್ಷದಲ್ಲಿ ಅವರು ಸೇರಿಸಿದವರೂ ಅಲ್ಲ. ಆದರೆ ಅರವತ್ತೊಂದರ ಪಕ್ಕದ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ಬೇಡವೆಂದರೆ ಗುರುತಿಲ್ಲದಂತೆ ಅಳಿಸಬಹುದಾದಷ್ಟು ತೆಳುವಾಗಿ, 'ನಿಮಗೆ?' ಎಂದು ಬರೆದಿತ್ತು. ಆ ಪುಟವನ್ನು ಮನೆಗೆ ಒಯ್ದು ಅಕ್ಕನಿಗೆ ತೋರಿಸಿ, ಹಳೆಯ ಚೀಟಿಯ ಕತೆಯನ್ನೂ ಹೇಳಿದೆ. "ಅಯ್ಯೋ ಪೆದ್ದಿ, ಅವರು ಕೇಳಿದ್ದು ನಿನ್ನನ್ನ ಕಣೇ, ನಿನ್ನ ನಿಘಂಟನ್ನಲ್ಲ" ಎಂದು ಅಕ್ಕ ಹಣೆ ಚಚ್ಚಿಕೊಂಡಳು. ಮೂರು ವರ್ಷ, ಮಾನ್ಯರೇ! ಒಬ್ಬ ಮನುಷ್ಯನ ಪ್ರಶ್ನೆಗೆ ನಾನು ಸಂಖ್ಯೆ ಹಾಕಿ ಖಾನೆಯೊಳಗಿಟ್ಟಿದ್ದೆ. ಅವರು ಪ್ರತಿ ಮಧ್ಯಾಹ್ನ ಏನೂ ಆಗದವರಂತೆ ನನ್ನೆದುರು ಬಿಲ್ಲೆ ಜೋಡಿಸುತ್ತ ಕೂತಿದ್ದರು. ನನಗೆ ಅಳು ಬಂತು. ಅತ್ತಾದ ಮೇಲೆ ತಮ್ಮ ಮೇಲೆ ಕೋಪ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತಾವು ನಕ್ಕರೆ ಧಾರಾಳವಾಗಿ ನಗಬಹುದು.

ಆದಕಾರಣ ತಾವು ದಯಮಾಡಿ ಅರವತ್ತೊಂದನೆಯ ಅರ್ಥಕ್ಕೆ ರಾಜೀನಾಮೆ ಕೊಡತಕ್ಕದ್ದು, ಅದಾಗದಿದ್ದರೆ ಇನ್ನು ಮುಂದೆ ಯಾರಾದರೂ ಮನಸ್ಸಿಟ್ಟು ತಮ್ಮನ್ನು ಬಳಸಿದಾಗ ಎದುರಿಗಿರುವ ಮಂಕುದಿಣ್ಣೆಗೆ ಗೊತ್ತಾಗುವಂತೆ ಒಂದು ಸಲ ಕೆಮ್ಮತಕ್ಕದ್ದು, ಮತ್ತು ನನ್ನ ಮೂರು ವರ್ಷಗಳನ್ನು, ಸಾಧ್ಯವಾದರೆ ಹೊಸದರಂತೆಯೇ, ಮರಳಿಸತಕ್ಕದ್ದು ಎಂದು ಪ್ರಾರ್ಥಿಸುತ್ತೇನೆ. ತುರ್ತು ಏಕೆಂದರೆ ಪುಟ ನಾಳೆ, ಶುಕ್ರವಾರ, ಅಚ್ಚಿಗೆ ಹೋಗುತ್ತದೆ. ಅಂಚಿನ ಪೆನ್ಸಿಲ್ ಗುರುತಿಗೆ ಉತ್ತರ ಕೊಡದೆ ನಾನು ಪುಟ ಕಳಿಸಿದರೆ ಅದೇ ಉತ್ತರವಾಗುತ್ತದೆ. ಮೂರನೆಯ ಸಲ ಕೇಳುವ ಮನುಷ್ಯರು ಅವರಲ್ಲ.

ಇವತ್ತು ಬೆಳಗ್ಗೆ ಇಷ್ಟು ಬರೆದ ಮೇಲೆ, ತಮ್ಮಂಥ ದೊಡ್ಡವರ ಉತ್ತರ ಕಾಯುತ್ತ ಕೂರುವುದು ಕ್ಷೇಮವಲ್ಲವೆಂದು ನಾನು ಪದ್ಧತಿಯನ್ನೆಲ್ಲ ಗಾಳಿಗೆ ತೂರಿ, ಚೀಟಿಯಿಲ್ಲದೆ, ಮೊಹರಿಲ್ಲದೆ, ಬೀರು ಸುತ್ತಿಕೊಂಡು ಆಚೆ ಬದಿಗೆ ಹೋದೆ. ದಾರಿಯುದ್ದಕ್ಕೂ, ಅಂದರೆ ಎಂಟು ಹೆಜ್ಜೆಯಲ್ಲಿ, ಒಳ್ಳೆಯದೊಂದು ವಾಕ್ಯ ಕಟ್ಟಿಕೊಂಡಿದ್ದೆ; ಎದುರು ನಿಂತಾಗ ಅದರಲ್ಲಿ ಒಂದು ಪದವೂ ಉಳಿದಿರಲಿಲ್ಲ. "ನನಗೂ" ಎಂದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಆಮೇಲೆ ಪಕ್ಕದ ಕುರ್ಚಿಯ ಮೇಲೆ ಎಷ್ಟೋ ವರ್ಷಗಳಿಂದ ಬಿದ್ದಿದ್ದ ಕರಡಿನ ಕಟ್ಟನ್ನು ಎತ್ತಿ ನೆಲಕ್ಕಿಟ್ಟು, ಧೂಳು ಕೊಡವಿ, "ಕೂತ್ಕೊಳ್ಳಿ" ಎಂದರು. ಕೂತೆ.

ಅರವತ್ತು ಅರ್ಥಗಳ ಮಟ್ಟಿಗೆ ಮಾತ್ರ
ತಮ್ಮ ವಿಶ್ವಾಸಿ,
ಸಹಾಯಕ ಸಂಪಾದಕಿ

ಮರೆತ ಮಾತು: ರಾಜೀನಾಮೆ ಬೇಡ, ಅರವತ್ತೊಂದನ್ನು ತಾವೇ ಇಟ್ಟುಕೊಳ್ಳಿ. ಉದಾಹರಣೆಯನ್ನು ಮಾತ್ರ ನಾವಿಬ್ಬರೂ ಸೇರಿ ಕರಡಿನಿಂದ ಹೊಡೆದುಹಾಕಿದ್ದೇವೆ, ಆ ಜಾಗಕ್ಕೆ ಬೇರೆ ಯಾರದಾದರೂ ವಾಕ್ಯ ಹುಡುಕಿಕೊಳ್ಳುವುದು ತಮ್ಮ ಪಾಡು. ಪ್ರಧಾನ ಸಂಪಾದಕರು ಕಾರಣ ಕೇಳಿದ್ದಾರೆ. 'ಸದರಿ ವಾಕ್ಯ ಇನ್ನು ಸಾರ್ವಜನಿಕ ಬಳಕೆಯಲ್ಲಿ ಇರುವುದಿಲ್ಲ' ಎಂದು ಷರಾ ಬರೆದು, ಇಬ್ಬರೂ ಸಹಿ ಹಾಕಿ ಕಳಿಸಿದ್ದೇವೆ.