ಇಲಿಗೆ ಮಡಿಲಕ್ಕಿ

ನನ್ನ ಭಕ್ತಿಗೂ ಒಂದು ಎಲ್ಲೆ ಇದೆ ಎಂದು ನನಗೆ ಗೊತ್ತಾಗಿದ್ದು ಈ ವರ್ಷ. ಮದುವೆಯಾಗಿ ಈ ಮನೆಗೆ ಬಂದ ಲಾಗಾಯ್ತು ಪ್ರತಿ ಗಣೇಶನ ಹಬ್ಬದಲ್ಲೂ ಗಣಪನ ಪಾದದ ಹತ್ತಿರ ಕೂತಿರುವ ಮಣ್ಣಿನ ಇಲಿಗೆ ಮರೆಯದೆ ಕುಂಕುಮ ಇಟ್ಟಿದ್ದೇನೆ, ಅದರ ಮುಂದೆ ಒಂದು ಕಡುಬನ್ನೂ ಇಟ್ಟಿದ್ದೇನೆ. ಆದರೆ ಜೀವವಿರುವ ಇಲಿ ಅಡುಗೆಮನೆಯ ಕಟ್ಟೆಯ ಮೇಲೆ ಓಡಾಡಿದ ದಿನ ನಾನು ಸ್ಟೂಲು ಹತ್ತಿ ನಿಂತು ಕೂಗಿ ಕರೆದದ್ದು ಗಣಪನನ್ನಲ್ಲ, ನಮ್ಮ ಯಜಮಾನರನ್ನು. ಅವರು ಪೇಪರು ಮಡಿಚಿಕೊಂಡು ಬಂದು, ಇಲಿಯನ್ನೂ ನೋಡಿ ನನ್ನನ್ನೂ ನೋಡಿ, "ಕಡುಬು ಮಾಡಿಲ್ವೇನೇ ಇವತ್ತು" ಎಂದು ಕೇಳಿ ವಾಪಸ್ಸು ಹೋದರು.

ಅವರು ಗುಬ್ಬಿಯ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ನಡೆಯುವುದನ್ನೆಲ್ಲ ಪಾಠದ ಕೊನೆಯಲ್ಲಿ ಬರುವ ಅಭ್ಯಾಸದ ಲೆಕ್ಕದ ಹಾಗೆ ದೂರದಿಂದ ನೋಡುತ್ತಾರೆ. ನನ್ನ ಲೆಕ್ಕವೇ ಬೇರೆ. ದಿನಾ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಅವತ್ತು ಏನೇನು ಕೆಡಲಿಲ್ಲ ಎಂದು ಮನಸ್ಸಿನಲ್ಲೇ ಎಣಿಸುತ್ತೇನೆ. ನಲ್ಲಿಯಲ್ಲಿ ನೀರು ಬಂತು, ಹಾಲು ಒಡೆಯಲಿಲ್ಲ, ಯಜಮಾನರ ಬಿ.ಪಿ. ಏರಲಿಲ್ಲ, ಶಿವ ನೀನು ದೊಡ್ಡವನು. "ಕೈ ಮುರಿದ್ರೆ ಕಾಲು ನೆಟ್ಟಗಿದೆಯಲ್ಲ ಅಂತೀಯ ನೀನು" ಎಂದು ಅವರು ರೇಗಿಸುತ್ತಾರೆ. ಹೌದು, ಅನ್ನುತ್ತೇನೆ. ಕಾಲು ನೆಟ್ಟಗಿದ್ದರೆ ತಾನೇ ಆಸ್ಪತ್ರೆಗೆ ನಡೆದು ಹೋಗುವುದು. ಇಲಿ ಬಂದ ಮೊದಲ ವಾರ ಅದನ್ನೂ ಹೀಗೇ ಎಣಿಸಿಕೊಂಡೆ. ಸೋಪು ತಿಂದಿತು, ರೇಷ್ಮೆ ಸೀರೆ ಬಿಟ್ಟಿತು. ದೇವರ ಮುಂದೆ ತುಪ್ಪದಲ್ಲಿ ಅದ್ದಿಟ್ಟ ಹೂಬತ್ತಿ ಹೊತ್ತುಕೊಂಡು ಹೋಯಿತು, ಉರಿಯುತ್ತಿದ್ದ ಬತ್ತಿ ಹೊತ್ತುಕೊಂಡು ಹೋಗಲಿಲ್ಲ.

ಅದು ಎಲ್ಲಿಂದ ಬಂತು ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹೆಬ್ಬೂರಿನಲ್ಲಿ ಜಮೀನು ನೋಡಿಕೊಂಡಿರುವ ನನ್ನ ಮೈದುನ ಮಹೇಶ ಸುಗ್ಗಿ ಮುಗಿದ ಮೇಲೆ ಒಂದು ಮೂಟೆ ರಾಗಿ, ಒಂದು ಚೀಲ ಕೊಬ್ಬರಿ ತಂದು ಶೆಟ್ಟಿಹಳ್ಳಿಯ ನಮ್ಮ ಮನೆಯ ಮೆಟ್ಟಿಲ ಕೆಳಗೆ ಇಟ್ಟು ಹೋಗಿದ್ದ. ರಾಗಿಯ ಜೊತೆಗೆ ಅದನ್ನು ತಿನ್ನುವವರೂ ಬಂದಿದ್ದರು.

ಇಷ್ಟೇ ಆಗಿದ್ದರೆ ನಾನೂ ಅವೂ ಹೇಗೋ ಹೊಂದಿಕೊಂಡು ಇದ್ದುಬಿಡುತ್ತಿದ್ದೆವೋ ಏನೋ. ಆದರೆ ಮಗಳು ಶ್ರುತಿಗೆ ಏಳು ತಿಂಗಳಾಗಿತ್ತು. ಅವಳನ್ನು ಕೊಟ್ಟಿರುವುದು ಕುಣಿಗಲ್ಲಿಗೆ. ಸೀಮಂತ ಅಲ್ಲಿ ಮುಗಿದಿತ್ತು, ಇನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆದುಕೊಂಡು ಬರುವುದೊಂದೇ ಬಾಕಿ. ಅವಳು ಒಂದು ದಿನ ಫೋನಿನಲ್ಲಿ ನನ್ನ ಸ್ಟೂಲಿನ ಕತೆ ಕೇಳಿ ನಕ್ಕು ನಕ್ಕು ಸಾಕಾಗಿ, ಅದನ್ನು ಹೋಗಿ ಅತ್ತೆಗೆ ಹೇಳಿದಳು. ಬೀಗಿತ್ತಿ ರಾಜಮ್ಮನವರು ನಗಲಿಲ್ಲ. ಮಾರನೇ ದಿನವೇ ಫೋನು ಮಾಡಿದರು.

"ಬೀಗ್ರೇ, ಬೇಜಾರ್ ಮಾಡ್ಕೋಬೇಡಿ. ಹಸುಗೂಸಿನ ಮೈಯಲ್ಲಿ ಹಾಲಿನ ವಾಸ್ನೆ ಇರ್ತದೆ. ಅದಕ್ಕೆ ಇಲಿ ಬತ್ತವೆ. ನಿಮ್ಮನೇಲಿ ಇಲಿ ಇರೋಗಂಟ ಹುಡ್ಗಿ ಇಲ್ಲೇ ಇರ್ಲಿ. ನಾನೇ ಒಂದ್ ಭಾನುವಾರ ಬಂದು ನೋಡ್ಕೊಂಡು ಹೋಯ್ತೀನಿ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೊಟ್ಟೆ ಉರಿದದ್ದು ಅದಕ್ಕೇ. ತಪ್ಪು ಮಾತಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ನನಗೆ ಶ್ರುತಿ ಹುಟ್ಟಿದಾಗ ಗುಬ್ಬಿಯ ನನ್ನ ತವರಿನಲ್ಲಿ ಅಮ್ಮ ಇರಲಿಲ್ಲ, ಅದಕ್ಕೆ ಎರಡು ವರ್ಷ ಮುಂಚೆಯೇ ಹೋಗಿಬಿಟ್ಟಿದ್ದಳು. ದೊಡ್ಡಮ್ಮ ಬಂದು ಹದಿನೈದು ದಿನ ಎಣ್ಣೆ ನೀರು ಹಾಕಿ ಹೋದಳು. ಹದಿನಾರನೇ ದಿನ ನಾನೇ ಒಲೆ ಹಚ್ಚಿ, ನಾನೇ ನೀರು ಕಾಯಿಸಿ, ಮಗುವಿಗೆ ಎಷ್ಟು ಬಿಸಿ ಇರಬೇಕೆಂದು ತಿಳಿಯದೆ ಬಚ್ಚಲ ಕಲ್ಲಿನ ಮೇಲೆ ಕೂತು ಅತ್ತಿದ್ದೆ. ಆ ದಿನದ ಎಣಿಕೆಯಲ್ಲಿ, ನೀರು ಸುಡಲಿಲ್ಲ ಎನ್ನುವುದೊಂದೇ ಸಿಕ್ಕಿದ್ದು. ನನ್ನ ಮಗಳಿಗೆ ಬಾಣಂತನ ಮಾಡಬೇಕು, ಮೂರು ತಿಂಗಳೂ ನಾನೇ ಮಾಡಬೇಕು ಎಂದು ಅವತ್ತು ಅಂದುಕೊಂಡವಳು. ಅಂಥ ಹರಕೆಗೆ ಹೆಬ್ಬೂರಿನ ನಾಲ್ಕು ಇಲಿ ಅಡ್ಡ ಬಂದಿದ್ದವು.

ಪೇಟೆಗೆ ಹೋಗಿ ಅಂಗಡಿಯವನನ್ನು ಕೇಳಿದೆ. ಅವನು ಬಿಸ್ಕತ್ತಿನಂಥ ಒಂದು ಪೊಟ್ಟಣ ತೆಗೆದಿಟ್ಟು, "ತಗೊಳ್ಳಿ ಅಮ್ಮ, ಇದನ್ನ ತಿಂದ್ರೆ ಹೊರಗಡೆ ಹೋಗಿ ಸಾಯ್ತದೆ, ಮನೇಲಿ ವಾಸ್ನೆ ಬರಲ್ಲ" ಎಂದ.

"ಸಾಯೋದು ಬೇಡಪ್ಪ."

"ಹಂಗಾದ್ರೆ ಅಂಟಿನ ರಟ್ಟು ತಗೊಳ್ಳಿ. ಅದರ ಮೇಲೆ ಹತ್ತಿದ್ರೆ ಕಿತ್ಕೊಳಕ್ಕೆ ಆಗಲ್ಲ."

"ಆಮೇಲೆ?"

"ಆಮೇಲೆ ಸಾಯ್ತದೆ."

"ಸಾಯೋದೇ ಬೇಡ ಅಂದ್ನಲ್ಲ."

"ಸಾಯ್ದೆ ಇನ್ನೇನ್ ಮಾಡ್ಬೇಕಮ್ಮ ಅದು?"

"ಹೋಗ್ಬೇಕು" ಎಂದೆ. ಮಗಳು ಬಸುರಿ ಇರುವಾಗ ಮನೆಯಲ್ಲಿ ಒಂದು ಜೀವ ತೆಗೆಯಬಾರದು ಎನ್ನುವುದು ನಮ್ಮ ಕಡೆಯ ನಡವಳಿಕೆ. ಅಳಿಯ ತೆಂಗಿನಕಾಯಿಯನ್ನು ಕೂಡ ಒಡೆಯುತ್ತಿರಲಿಲ್ಲ, ಪೂಜೆಗೆ ಪಕ್ಕದ ಮನೆಯವರನ್ನು ಕರೆಯುತ್ತಿದ್ದ. ಇದನ್ನೆಲ್ಲ ವಿವರಿಸಿದ ಮೇಲೆ ಅಂಗಡಿಯವನು ಮೇಲಿನ ಹಲಗೆಯಿಂದ ಧೂಳು ಹಿಡಿದ ಒಂದು ತಂತಿಯ ಬೋನು ಇಳಿಸಿದ. ಒಳಗಿನ ಕೊಕ್ಕೆಗೆ ತಿಂಡಿ ಸಿಕ್ಕಿಸಿ ಬಾಗಿಲು ಎತ್ತಿಟ್ಟರೆ ಸರಿ, ಇಲಿ ತಿಂಡಿ ಎಳೆದ ಕೂಡಲೇ ಬಾಗಿಲು ಬೀಳುತ್ತದೆ, ಜೀವಕ್ಕೆ ಏನೂ ಆಗುವುದಿಲ್ಲ.

ಮೊದಲ ದಿನ ಉದ್ದಿನ ವಡೆ ಸಿಕ್ಕಿಸಿದೆ. ಮುಟ್ಟಲಿಲ್ಲ. ಎರಡನೇ ದಿನ ಟೊಮೇಟೊ, ಅದನ್ನೂ ಮುಟ್ಟಲಿಲ್ಲ. ಇವು ಹೆಬ್ಬೂರಿನವು, ಹುಟ್ಟಿದ್ದೇ ಕೊಬ್ಬರಿಯ ಅಟ್ಟದ ಮೇಲೆ ಎಂದು ಆಮೇಲೆ ಹೊಳೆಯಿತು. ಮೂರನೇ ದಿನ ಒಂದು ಚೂರು ಕೊಬ್ಬರಿಯನ್ನು ಸ್ಟವ್ ಮೇಲೆ ಹಿಡಿದು ಎಣ್ಣೆ ಜಿನುಗುವ ಹಾಗೆ ಸುಟ್ಟು ಸಿಕ್ಕಿಸಿದೆ. ಬೆಳಗ್ಗೆ ಎದ್ದು ನೋಡಿದರೆ ಒಳಗೆ ಒಬ್ಬರು ಕೂತು ಮೀಸೆ ತೀಡುತ್ತಿದ್ದರು.

ಬಿಡುವುದೆಲ್ಲಿ ಎಂಬ ಪ್ರಶ್ನೆ ಬಂತು. ಪಕ್ಕದ ಬೀದಿಯಲ್ಲಿ ಬಿಡುವುದು ನನಗೆ ಸರಿ ಕಾಣಲಿಲ್ಲ. ನಮ್ಮ ಕಷ್ಟವನ್ನು ಇನ್ನೊಬ್ಬರ ಬಾಗಿಲಿಗೆ ಇಟ್ಟು ಬಂದು ದೇವರ ಮುಂದೆ ಕೂರುವುದು ಹೇಗೆ. ಎಲ್ಲಿಂದ ಬಂದವೋ ಅಲ್ಲಿಗೇ ಹೋಗಲಿ, ತವರಿಗೆ ಎಂದೆ. ಯಜಮಾನರು ಬೇಡ ಎನ್ನಲಿಲ್ಲ. ಹೆಬ್ಬೂರಿನ ಹೋಟೆಲಿನಲ್ಲಿ ಅವರ ಹಳೆಯ ಗೆಳೆಯರು ಕೂರುತ್ತಾರೆ. ಸ್ಕೂಟರಿನ ಮುಂದೆ ಬೋನು ಇಟ್ಟುಕೊಂಡು ಹೊರಟರೆ ಮಧ್ಯಾಹ್ನದ ಊಟಕ್ಕೇ ಬರುವುದು. ಹೀಗೆ ಮೂರು ಇಲಿ ಊರು ಸೇರಿದವು. ಮಹೇಶ ಫೋನು ಮಾಡಿ, "ಅತ್ತಿಗೆ, ಬೇರೆಯವ್ರೆಲ್ಲ ರಾಗಿ ಕಳ್ಸಿದ್ರೆ ಚೀಲ ವಾಪಸ್ ಕಳಿಸ್ತಾರೆ" ಎಂದ.

ನಾಲ್ಕನೆಯದು ಬಿದ್ದದ್ದು ಒಂದು ಶುಕ್ರವಾರ ಬೆಳಗ್ಗೆ. ಅದನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಹೊಟ್ಟೆ ಎರಡೂ ಕಡೆ ಉಬ್ಬಿ ನೆಲಕ್ಕೆ ತಾಗುತ್ತಿತ್ತು, ಏದುಸಿರು ಬಿಡುತ್ತಿತ್ತು, ಉಳಿದವರ ಹಾಗೆ ಹಾರಾಡದೆ ಒಂದು ಮೂಲೆಯಲ್ಲಿ ಒರಗಿಕೊಂಡಿತ್ತು. ಶ್ರುತಿ ಇತ್ತೀಚೆಗೆ ವಿಡಿಯೋ ಕಾಲಿನಲ್ಲಿ ಸೋಫಾದ ಮೇಲೆ ಒರಗುವುದು ಥೇಟ್ ಹಾಗೆಯೇ.

ಯಜಮಾನರು ಸ್ಕೂಟರಿನ ಕೀಲಿ ತೆಗೆದುಕೊಂಡರು. "ಇವತ್ತು ಬೇಡ" ಎಂದೆ.

"ಯಾಕೆ?"

"ಶುಕ್ರವಾರ. ಹೆಣ್ಣುಮಕ್ಕಳನ್ನ ಮನೆಯಿಂದ ಕಳಿಸ್ಬಾರ್ದು."

ಅವರು ಕೀಲಿಯನ್ನು ಮೊಳೆಗೆ ತಗುಲಿಹಾಕಿ ಪೇಪರು ಬಿಡಿಸಿಕೊಂಡು ಕೂತರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಕಲಿತಿರುವುದು ಅಷ್ಟು. ಇಡೀ ದಿನ ಅದನ್ನು ಬಚ್ಚಲ ಪಕ್ಕ ಇಟ್ಟು, ತೆಂಗಿನ ಚಿಪ್ಪಿನಲ್ಲಿ ನೀರು ಕೊಟ್ಟೆ. ಶನಿವಾರ ಬೆಳಗ್ಗೆ ಕಳಿಸುವ ಹೊತ್ತಿಗೆ ಮನಸ್ಸು ಒಂದು ಥರಾ ಆಯಿತು. ಬಸುರಿಯನ್ನು ಬರಿಗೈಯಲ್ಲಿ ಹೊಸಿಲು ದಾಟಿಸುವುದು ಹೇಗೆ? ಇಲಿಯೇ ಇರಬಹುದು, ನನ್ನ ಹೂಬತ್ತಿ ಕದ್ದವಳೇ ಇರಬಹುದು. ಒಳಗೆ ಹೋಗಿ ಒಂದು ಹಿಡಿ ಅಕ್ಕಿ, ಒಂದು ಚೂರು ಬೆಲ್ಲ, ಒಂದು ಚೂರು ಕೊಬ್ಬರಿ ತಂದು ತಂತಿಯ ಸಂದಿಯಿಂದ ಒಳಗೆ ಹಾಕಿದೆ. ಅರಿಶಿನವನ್ನೂ ಒಂದು ಚಿಟಿಕೆ ಉದುರಿಸಿದೆ. ಚಿಪ್ಪಿನ ನೀರು ಚೆಲ್ಲಿ ಅದರ ಬೆನ್ನು ಒದ್ದೆಯಾಗಿತ್ತು, ಅರಿಶಿನ ಅಲ್ಲೇ ಅಂಟಿಕೊಂಡಿತು.

ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ರವಿಕೆ ಕಣ ಒಂದು ಬಾಕಿ" ಎಂದರು. ಆಮೇಲೆ ಬೋನನ್ನು ಎರಡೂ ಕೈಯಲ್ಲಿ ಹಿಡಿದು ಸ್ಕೂಟರಿನ ಹತ್ತಿರ ಹೋದರು. ಹಿಂದಿನ ಮೂರನ್ನು ಒಂದೇ ಕೈಯಲ್ಲಿ ತೂಗಾಡಿಸಿಕೊಂಡು ಒಯ್ದಿದ್ದರು ಎನ್ನುವುದು ನನಗೆ ಆಗ ಹೊಳೆಯಲಿಲ್ಲ.

ಮಾರನೇ ದಿನ ಭಾನುವಾರ, ಬೀಗಿತ್ತಿ ಬಂದರು. ಕೈಕಾಲು ತೊಳೆದುಕೊಂಡು ಬಂದವರೇ ಬಾಣಂತಿ ಕೋಣೆ ನೋಡಿದರು. ಮಂಚದ ಕೆಳಗೆ ಬಗ್ಗಿ ನೋಡಿದರು, ಕಿಟಕಿಗೆ ಹೊಸದಾಗಿ ಹೊಡೆಸಿದ್ದ ಜಾಲರಿಯನ್ನು ಬೆರಳಿನಿಂದ ಒತ್ತಿ ನೋಡಿದರು, ಬಚ್ಚಲ ಹಂಡೆಯ ಮುಚ್ಚಳ ತೆಗೆದು ನೋಡಿದರು. ಹಾಲಿಗೆ ಬಂದು ಕೂತು, "ಅಚ್ಚುಕಟ್ಟಾಗದೆ" ಎಂದರು. ಕಾಫಿ ಕೊಟ್ಟೆ. ಅವರು ಲೋಟ ಬಾಯಿಗೆ ಇಡುವುದಕ್ಕೂ, ಮೆಟ್ಟಿಲ ಕೆಳಗಿನ ರಾಗಿ ಮೂಟೆಯ ಹಿಂದಿನಿಂದ ಅದು ಹೊರಗೆ ಬರುವುದಕ್ಕೂ ಸರಿಹೋಯಿತು. ಓಡಲಿಲ್ಲ. ಓಡುವ ಸ್ಥಿತಿಯಲ್ಲಿ ಅದು ಇರಲಿಲ್ಲ. ಹಾಲಿನ ನಡುವೆ ನಿಧಾನವಾಗಿ ನಡೆದು, ಅರಿಶಿನದ ಬೆನ್ನು ತೋರಿಸಿಕೊಂಡು, ಬಚ್ಚಲ ಕಡೆಗೆ ಹೋಯಿತು.

ಬೀಗಿತ್ತಿ ಕಾಲು ಮೇಲಕ್ಕೆ ಎಳೆದುಕೊಂಡರು. ನಾನು ಯಜಮಾನರ ಮುಖ ನೋಡಿದೆ. ಅವರು ಫ್ಯಾನು ನೋಡುತ್ತಿದ್ದರು.

"ರೀ, ಹೆಬ್ಬೂರಲ್ಲಿ ಬಿಟ್ಟೆ ಅಂದ್ರಲ್ಲ."

ಅವರು ಫ್ಯಾನಿಗೇ ಹೇಳಿದರು. "ಹೆಬ್ಬೂರಿನ ತಂಕ ಎಷ್ಟು ಹಂಪ್ ಇದಾವೆ ಗೊತ್ತೇನೇ? ಎರಡು ಹಂಪ್ ಹಾರಿಸೋ ಹೊತ್ಗೆ ಅದು ನನ್ನ ಕಡೆ ಒಂದು ಥರಾ ನೋಡ್ತು. ದಾರೀಲೇ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಏನ್ಮಾಡೋದು? ವಾಪಸ್ ಬಂದು ಹಿಂದ್ಗಡೆ ಖಾಲಿ ಸೈಟಲ್ಲಿ ಬಿಟ್ಟೆ. ಊಟದ ಹೊತ್ತಿನ ತಂಕ ಪಾರ್ಕಲ್ಲಿ ಕೂತಿದ್ದೆ."

ಮಗಳು ತವರಿಗೆ ಬರುವುದು ತಪ್ಪಿತು ಎಂದು ನನ್ನ ಕಣ್ಣಲ್ಲಿ ನೀರು ಬಂದಿತ್ತು. ಬೀಗಿತ್ತಿ ಲೋಟ ಕೆಳಗಿಟ್ಟರು.

"ಅದರ ಬೆನ್ನಿಗೆ ಅರಿಶಿನ ಯಾರು ಹಾಕಿದ್ದು?"

ಸುಳ್ಳು ಹೇಳಲು ನನಗೆ ಬರುವುದಿಲ್ಲ, ಹೇಳಿದಾಗಲೆಲ್ಲ ಸಿಕ್ಕಿಬಿದ್ದಿದ್ದೇನೆ. ಶುಕ್ರವಾರ ಇಟ್ಟುಕೊಂಡದ್ದು, ಶನಿವಾರ ಮಡಿಲಕ್ಕಿ ಹಾಕಿದ್ದು, ಎಲ್ಲ ಹೇಳಿದೆ. ಅವರು ತಲೆ ತಗ್ಗಿಸಿಕೊಂಡು ಕೇಳಿದರು.

"ಅಕ್ಕಿ ಎಷ್ಟು ಹಾಕಿದ್ರಿ?"

"ಒಂದು ಹಿಡಿ."

"ಐದು ಹಿಡಿ ಹಾಕ್ಬೇಕು ಬೀಗ್ರೇ. ಒಂದೇ ಹಿಡಿ ಹಾಕಿದ್ರೆ ವಾಪಸ್ ಬರ್ದೆ ಇನ್ನೇನ್ ಮಾಡ್ತದೆ?" ಎಂದು ಗಂಭೀರವಾಗಿಯೇ ಹೇಳಿ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಕೊಬ್ಬರಿ ಎಲ್ಲಿ ಮಡಗಿದ್ದೀರಿ, ತನ್ನಿ."

ಕೊಬ್ಬರಿ ಸುಡುವ ಕಷ್ಟವೂ ಬೇಕಾಗಲಿಲ್ಲ. ಬಚ್ಚಲಿನಲ್ಲಿ ತೊಳೆಯದೆ ಬಿಟ್ಟಿದ್ದ ಬೋನಿನೊಳಗೆ ನಿನ್ನೆಯ ಅಕ್ಕಿ ಇನ್ನೂ ಉಳಿದಿತ್ತು. ಅದು ತಾನಾಗಿಯೇ ಒಳಗೆ ಹೋಗಿ, ತನ್ನ ಮೂಲೆಯಲ್ಲಿ ಕೂತು, ಅಕ್ಕಿ ಮೆಲ್ಲುತ್ತಿತ್ತು. ಬೀಗಿತ್ತಿ ಮೆಲ್ಲಗೆ ಬಾಗಿಲು ಇಳಿಸಿದರು. ಮಿಕ್ಕ ನಾಲ್ಕು ಹಿಡಿಯನ್ನು ಒಂದು, ಎರಡು ಎಂದು ಎಣಿಸಿ ನನ್ನ ಕೈಯಲ್ಲೇ ಹಾಕಿಸಿದರು. ಊಟವಾದ ಮೇಲೆ ಬೋನಿಗೆ ಒಂದು ಬಟ್ಟೆಯ ಚೀಲ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಕುಣಿಗಲ್ ಬಸ್ಸು ಹತ್ತಿದರು. ಸ್ಕೂಟರಿನಷ್ಟು ಬಸ್ಸು ಎತ್ತಿಹಾಕುವುದಿಲ್ಲವಂತೆ. ಹೆಬ್ಬೂರಿನ ಸ್ಟಾಪಿನಲ್ಲಿ ಮಹೇಶ ಕಾದಿದ್ದು, ಕಿಟಕಿಯಿಂದ ಇಳಿಸಿಕೊಂಡ. ಕಂಡಕ್ಟರು ಚೀಲದಲ್ಲಿ ಏನೆಂದು ಕೇಳಿದ್ದಕ್ಕೆ, "ಬಸ್ರಿ ಹುಡ್ಗಿ ತವರಿಗೆ ಹೋಯ್ತಾವ್ಳೆ ಕಣಪ್ಪ" ಎಂದರಂತೆ. ಅವನು ಅದಕ್ಕೆ ಟಿಕೆಟ್ ಕೇಳಲಿಲ್ಲವಂತೆ.

ಸಂಜೆ ಅವರಿಂದ ಫೋನು ಬಂತು. ಮುಂದಿನ ಬುಧವಾರ ದಿನ ಚೆನ್ನಾಗಿದೆ, ಹುಡುಗಿಯನ್ನು ಕರೆದುಕೊಂಡು ಹೋಗಿ ಎಂದರು. ಆಮೇಲೆ ದನಿ ತಗ್ಗಿಸಿ, "ಬರೋವಾಗ ಹೆಬ್ಬೂರಲ್ಲಿ ಆ ಬೋನು ಇಸ್ಕೊಂಡ್ ಬನ್ನಿ ಬೀಗ್ರೇ. ನಮ್ಮ ಅಟ್ಟದಲ್ಲೂ ಅವೆ. ನಿಮ್ಮಂಗೆ ಬಾಯ್ಬಿಟ್ಟು ಹೇಳ್ಕೊಂಡಿರ್ಲಿಲ್ಲ" ಎಂದರು. ಆ ದಿನ ದೀಪ ಹಚ್ಚಿ ಎಣಿಸಲು ಕೂತರೆ ಎಣಿಕೆ ಮುಗಿಯಲೇ ಇಲ್ಲ. ಖಾಲಿ ಸೈಟು, ಹಂಪು, ತೊಳೆಯದೆ ಬಿಟ್ಟ ಬೋನು, ಎಲ್ಲವನ್ನೂ ಸೇರಿಸಿಕೊಂಡೆ.

ಈಗ ಶ್ರುತಿ ಒಳಗೆ ಮಗುವಿನ ಪಕ್ಕ ಮಲಗಿದ್ದಾಳೆ. ಬಾಗಿಲಿಗೆ ಪರದೆ, ಕಿಟಕಿಗೆ ಜಾಲರಿ, ಗಾಳಿ ತಾಕದ ಹಾಗೆ ಕಿವಿಗೆ ಹತ್ತಿ. ದಿನಾ ಮಧ್ಯಾಹ್ನ ಕೊಬ್ಬರಿ ಬೆಚ್ಚಗೆ ಮಾಡಿ ಬೆಲ್ಲದ ಜೊತೆ ತಟ್ಟೆಯಲ್ಲಿ ಇಟ್ಟುಕೊಂಡು ಹೋಗುತ್ತೇನೆ. "ಅಮ್ಮಾ, ಈ ಸುಟ್ಟ ಕೊಬ್ಬರಿ ಕತೆ ಎಲ್ಲೋ ಕೇಳಿದೀನಿ ಅನ್ಸುತ್ತೆ" ಎನ್ನುತ್ತಾಳೆ. ಅವರಪ್ಪ ಹೊರಗಿನಿಂದ, "ಬಾಗಿಲು ಬೀಳತ್ತೆ, ಹುಷಾರು ಮಗಳೇ" ಎನ್ನುತ್ತಾರೆ. ನನಗೆ ನಗು ಬರುತ್ತದೆ, ಬಂದು ಅರ್ಧಕ್ಕೇ ನಿಲ್ಲುತ್ತದೆ. ಮೂರು ತಿಂಗಳು ತುಂಬಿದ ಮೇಲೆ ಬೀಗಿತ್ತಿ ಬಂದು ಕರೆದುಕೊಂಡು ಹೋಗುತ್ತಾರೆ. ಆ ದಿನ ಮಗಳ ಮಡಿಲಿಗೆ ಅಕ್ಕಿ ಹಾಕುವಾಗ ಒಂದು ಹಿಡಿ ಹಾಕಿ ಕೈ ತಡೆದುಬಿಡೋಣ ಎಂಬ ಯೋಚನೆ ನನ್ನಂಥ ದೈವಭಕ್ತೆಗೂ ಬಂದಿದೆ. ಅವರು ಪಕ್ಕದಲ್ಲೇ ನಿಂತು ಎಣಿಸುತ್ತಾರೆ ಎನ್ನುವುದೊಂದೇ ತೊಂದರೆ.